ಭಾನುವಾರದವರ ಕಲ್ಲು

ನಮ್ಮ ಹಟ್ಟಿಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ನನ್ನ ಮಗ ಓಬಳೇಶ ಸಿಡಿಲು ಬಡಿದು ಸತ್ತ. ಭರಣಿ ಮಳೆಯ ಮೊದಲ ಗುಡುಗು ಅದು. ಕುರಿಗಳನ್ನು ಬಂಡೆಯ ಮರೆಗೆ ತರುಬಲು ಓಡಿದವನು ಅಲ್ಲೇ ಉಳಿದ. ಕುರಿಗಳು ತಾವೇ ಇಳಿದು ಮನೆಗೆ ಬಂದವು. ಹೆಣವನ್ನು ನಾನು, ನನ್ನ ತಮ್ಮನ ಮಗ ಮಾರುತೇಶ ಮತ್ತು ಅವನ ಗೆಳೆಯರು ಸೇರಿ ಇಳಿಸಿದೆವು. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಹಟ್ಟಿಯ ಜನ ಬರಲಿಲ್ಲ.

ಅವರು ಬಾರದಿದ್ದುದಕ್ಕೆ ಕಾರಣವಿತ್ತು. ನಮ್ಮ ಹಟ್ಟಿಯಲ್ಲಿ ದೇವರ ದನಗಳ ಹಿಂಡೊಂದಿದೆ. ಓಬಳದೇವರ ಹೆಸರಿನಲ್ಲಿ ಬಿಟ್ಟ ಎತ್ತು, ಹಸು, ಕರುಗಳು ಅವು. ಅವುಗಳಿಗೆ ನೊಗ ಹೂಡುವುದಿಲ್ಲ, ಅವುಗಳ ಹಾಲು ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡಿ ಪೂಜಿಸುತ್ತೇವೆ. ಅವು ಮಲಗುವ ಮುಳ್ಳುಬೇಲಿಯ ರೊಪ್ಪ ನಮಗೆ ಗುಡಿಯೇ. ಚಪ್ಪಲಿ ಮೆಟ್ಟಿದ ಕಾಲು ಅದರೊಳಗೆ ಬರಕೂಡದು. ಹಿಂಡು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಓಬಳೇಶ ಕಿಲಾರಿಯಾಗಿದ್ದ.

ಬೆಂಗಳೂರಿನ ಜನ ಗುಡ್ಡ ಹತ್ತಲು ಬರತೊಡಗಿದ್ದು ಆ ಕಾಲದಲ್ಲೇ. ಶನಿವಾರ ರಾತ್ರಿ ಅಲ್ಲಿ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಸಿದ್ದಾಪುರದ ಬಳಿ ಅಶೋಕನ ಶಾಸನ ನೋಡಿ, ಬ್ರಹ್ಮಗಿರಿಯ ಬುಡದಲ್ಲಿ ಉಪ್ಪಿಟ್ಟು ತಿಂದು, ನಮ್ಮ ಗುಡ್ಡ ಹತ್ತಿಳಿದು, ಸಂಜೆಗೆ ಹಿಂದಿರುಗುತ್ತಾರೆ. ತಲೆಗೆ ಅಗಲ ಟೋಪಿ, ಕೈಗೆ ಮಡಚುವ ಕೋಲು, ಬೆನ್ನಿಗೆ ಚೀಲ. ನಾವು ಅವರನ್ನು ಭಾನುವಾರದವರು ಎಂದೇ ಕರೆಯುತ್ತಿದ್ದೆವು. ಮೊದಮೊದಲು ಅವರಿಗೆ ದಾರಿ ತೋರಿಸಲು ಹೋದವನು ಓಬಳೇಶ. ದೇವರ ದನ ನೋಡಬೇಕೆಂದು ಅವರು ಕೇಳಿದರು. ಅವನಿಗೆ ತನ್ನ ದನಗಳೆಂದರೆ ಹೆಮ್ಮೆ. ರೊಪ್ಪದೊಳಗೆ ಕರೆದುಕೊಂಡು ಹೋಗಿ ಒಂದೊಂದನ್ನೂ ಹೆಸರು ಹಿಡಿದು ತೋರಿಸಿದ. ಕಣಕಾಲಿನವರೆಗೆ ದಾರ ಬಿಗಿದ ಶೂಗಳನ್ನು ಬಿಚ್ಚಿಸಲು ಅವನಿಗೆ ಸಂಕೋಚವಾಯಿತು. "ದೂರದಿಂದ ಬಂದೋರು, ಬಿಚ್ಚಿ ಅಂತ ಹೆಂಗೆ ಹೇಳ್ಲಿ ಅಪ್ಪ" ಎಂದು ಸಂಜೆ ನನ್ನ ಮುಂದೆ ಹೇಳಿದ್ದ. ಕೆಲವೇ ದಿನಗಳಲ್ಲಿ ಹಿಂಡಿನ ಹಿರಿಯ ಎತ್ತು ಹೊಟ್ಟೆ ಉಬ್ಬರಿಸಿ ಬಿದ್ದಿತು. ಮತ್ತೆ ಏಳಲಿಲ್ಲ.

ಹಟ್ಟಿಯ ಯಜಮಾನ ಚಿನ್ನಯ್ಯ ಕೂಟ ಕರೆದು, ರೊಪ್ಪದೊಳಗೆ ಶೂ ಬಂದದ್ದೇ ಕಾರಣವೆಂದು ಅವನ ಕೈಯ ಕಿಲಾರಿ ಕೋಲು ಇಸಿದುಕೊಂಡ. ಮದುವೆಗೆ ಗೊತ್ತಾಗಿದ್ದ ಹೆಣ್ಣಿನವರು ಸುದ್ದಿ ಕೇಳಿ ಹಿಂದೆ ಸರಿದರು. ಓಬಳೇಶ ಮನೆಯ ಕುರಿಗಳನ್ನು ಹೊಡೆದುಕೊಂಡು ಗುಡ್ಡದ ಆಚೆ ಮಗ್ಗುಲಿಗೆ ಹೋಗತೊಡಗಿದ. ದೇವರ ದನ ಮೇಯುವ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮರುವರ್ಷದ ಭರಣಿಗೆ ಸಿಡಿಲು. ಊರಿಗೆ ಇನ್ನೇನು ಬೇಕು. ದೇವರೇ ತೀರ್ಪು ಕೊಟ್ಟ ಎಂದರು.

ನಾನು ತಳಕಿನ ಕಡೆಯ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಸಿಡಿಲು ಎತ್ತರದ ಜಾಗಕ್ಕೆ ಏಕೆ ಬಡಿಯುತ್ತದೆಂದು ಮಕ್ಕಳಿಗೆ ಪಾಠ ಹೇಳಿದವನು. ಆದರೆ ನಾನು ದೇವರನ್ನು ನಂಬಿದವನೂ ಹೌದು. ದಿನವೂ ಬೆಳಿಗ್ಗೆ ದೀಪ ಹಚ್ಚಿ ಒಂದೇ ಮಾತು ಕೇಳುತ್ತಿದ್ದೆ: ನನ್ನ ಮಗನನ್ನು ಕ್ಷಮಿಸಿದೆಯಾ ತಂದೆ? ದೇವರು ಕ್ಷಮಿಸಿದರೆ ಅದು ಹಟ್ಟಿಯ ಮುಖಾಂತರವೇ ತಿಳಿಯಬೇಕು. ನಾನು ಹಾಗೆ ನಂಬಿ ಬೆಳೆದವನು. ಹಟ್ಟಿ ನನ್ನೊಡನೆ ತಾನಾಗಿ ಮಾತಾಡುತ್ತಿರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಬಯಲಲ್ಲಿ ಸತ್ತವನ ಜಾಗದಲ್ಲಿ ಮನೆಯವರು ಮೊದಲು ಕಲ್ಲಿಡುತ್ತಾರೆ. ಆಮೇಲೆ ದನ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋಗುವ ನಮ್ಮವರು ಒಂದೊಂದು ಕಲ್ಲು ಸೇರಿಸುತ್ತಾರೆ. ಸತ್ತವನ ಮೇಲೆ ಮುನಿಸಿದ್ದವನು ಕಲ್ಲಿಟ್ಟನೆಂದರೆ ಮುನಿಸು ಮುಗಿಯಿತು. ಆ ಮಾತನ್ನು ಮತ್ತೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಇಟ್ಟೆನೆಂದು ಹೇಳಿಕೊಳ್ಳುವುದೂ ಇಲ್ಲ. ಮುನಿಸು ತೀರದವನು ಆ ದಾರಿಯನ್ನೇ ಬಿಟ್ಟು ಬಳಸಿ ಹೋಗುತ್ತಾನೆ.

ನಾನು ಎರಡು ಕಲ್ಲಿಟ್ಟು ಬಂದೆ. ನನ್ನದೊಂದು, ನನ್ನ ಹೆಂಡತಿ ಬೋರಕ್ಕನ ಹೆಸರಿನದೊಂದು. ಅವಳಿಗೆ ಸೊಂಟ ಹಿಡಿದು ಗುಡ್ಡ ಹತ್ತಲಾಗುವುದಿಲ್ಲ. ನನಗೂ ಮಂಡಿ ನೋವು. ಅಮಾವಾಸ್ಯೆಗೆ ಮಾತ್ರ ನಸುಕಿನಲ್ಲೇ ಎದ್ದು ಹತ್ತಿ, ಕಾಯಿ ಒಡೆದು, ಬಿಸಿಲೇರುವ ಮೊದಲೇ ಇಳಿದುಬಿಡುತ್ತಿದ್ದೆ. ಬಹಳ ದಿನ ಅಲ್ಲಿ ಆ ಎರಡು ಕಲ್ಲೇ ಇದ್ದವು. ಹೋದ ಮಳೆಗಾಲ ಕಳೆದ ಮೇಲೆ ಒಂದು ಅಮಾವಾಸ್ಯೆ ಹತ್ತಿ ನೋಡುತ್ತೇನೆ, ಸುತ್ತ ಹೊಸ ಕಲ್ಲುಗಳು. ಕಾಯಿಯನ್ನು ಕೆಳಗಿಟ್ಟು ಒಂದೊಂದನ್ನೂ ಮುಟ್ಟಿ ನೋಡಿದೆ. ಅದರ ಮುಂದಿನ ಅಮಾವಾಸ್ಯೆಗೆ ಕಲ್ಲಿನ ಗುಪ್ಪೆ ಮೊಣಕಾಲಿನ ಎತ್ತರಕ್ಕೆ ಬೆಳೆದಿತ್ತು.

ಮನೆಗೆ ಬಂದು ಹೇಳಿದೆ. ಬೋರಕ್ಕ ಒಲೆಯ ಮುಂದೆ ಕುಳಿತಿದ್ದಳು.

"ದಪ್ಪನ ಕಲ್ಲು ಐತಾ?" ಎಂದು ಕೇಳಿದಳು.

"ಒಂದೈತೆ. ಎರಡು ಕೈಲಿ ಎತ್ತಬೇಕು, ಅಂಥಾದ್ದು."

"ಅದು ತಿಪ್ಪೇರುದ್ರಪ್ಪಂದು. ಉಣ್ಣಾಕ ಕುಂತ್ರೂ ಅವನಿಗೆ ಮುದ್ದೆ ಅಷ್ಟು ದಪ್ಪನೇ ಇರಬೇಕು."

ಅವಳು ನಕ್ಕಳು. ಮಗ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಚಪ್ಪಟೆ ಕಲ್ಲುಗಳು ಹೆಂಗಸರವೆಂದು ಅವಳೇ ತೀರ್ಮಾನಿಸಿದಳು. ಸೌದೆಗೆ ಹೋದಾಗ ಇಟ್ಟಿರುತ್ತಾರೆ, ಬಾಯಲ್ಲಿ ಬೈದರೂ ಹೆಂಗಸರು ಹೊಟ್ಟೆಯಲ್ಲಿ ಮುನಿಸಿಟ್ಟುಕೊಳ್ಳುವುದಿಲ್ಲ ಎಂದಳು. ಆಮೇಲೆ ಪ್ರತಿ ಅಮಾವಾಸ್ಯೆಯ ಸಂಜೆ ಇದೇ ನಮ್ಮ ಕೆಲಸವಾಯಿತು. ನಾನು ಕಲ್ಲಿನ ಗಾತ್ರ, ಬಣ್ಣ ಹೇಳುವುದು, ಅವಳು ಯಾರದ್ದೆಂದು ಹೆಸರಿಸುವುದು. ಹಟ್ಟಿಯ ಒಂದೊಂದೇ ಮನೆ ನಮಗೆ ಹಿಂದಿರುಗಿ ಬರುತ್ತಿತ್ತು.

ದೇವಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ತಿಪ್ಪೇರುದ್ರಪ್ಪ ಸಿಕ್ಕಾಗ ನಾನಾಗಿ ಅವನಿಗೆ ಚಹಾ ಹೇಳಿದೆ. ಅವನು ಲೋಟ ಹಿಡಿದು ನನ್ನ ಮುಖ ನೋಡಿದ.

"ಏನು ವಿಶೇಷ ಮೇಷ್ಟ್ರೇ?"

"ನಿನಗೆ ಗೊತ್ತೈತಲ್ಲಪ್ಪ."

"ಆಯ್ತು ಬಿಡ್ರಿ" ಎಂದು ಕುಡಿದು ಎದ್ದುಹೋದ. ಪದ್ಧತಿ ಬಲ್ಲವನು, ಬಾಯಿಬಿಡಲಿಲ್ಲ ಎಂದುಕೊಂಡೆ.

ಸಂಕ್ರಾಂತಿಯ ನಂತರದ ಅಮಾವಾಸ್ಯೆಗೆ ಗುಪ್ಪೆಯ ತುದಿಯಲ್ಲಿ ಬೆಳ್ಳಗಿನ ಬೆಣಚುಕಲ್ಲೊಂದು ಕೂತಿತ್ತು. ನಮ್ಮಲ್ಲಿ ಬಿಳಿಕಲ್ಲು ಇಡುವವನು ಯಜಮಾನನೊಬ್ಬನೇ, ಅದೂ ಎಲ್ಲರದ್ದೂ ಆದ ಮೇಲೆ. ನಾನು ಬಂಡೆಯ ಮೇಲೆ ಹಣೆಯಿಟ್ಟು ಅತ್ತೆ. ದೇವರು ಉತ್ತರ ಕೊಟ್ಟಿದ್ದಾನೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ.

ಓಬಳೇಶ ಸಾಕಿದ ಹಸು ಆ ಚಳಿಗಾಲದಲ್ಲೇ ಹೋರಿಗರು ಹಾಕಿತ್ತು. ಅದನ್ನು ದೇವರ ಹಿಂಡಿಗೆ ಬಿಡುವುದೆಂದು ನಾನೂ ಬೋರಕ್ಕನೂ ನಿಶ್ಚಯಿಸಿದೆವು. ಹಿಂಡಿಗೆ ಕರು ಸೇರಿತೆಂದರೆ ಮನೆತನವೂ ಸೇರಿದಂತೆ. ದೀಪದ ಮುಂದೆ ಅದರ ಹಣೆಗೆ ಅರಿಸಿನ ಹಚ್ಚಿ, ಇದು ನಿನ್ನದು ತಂದೆ ಎಂದು ಬಾಯಿಬಿಟ್ಟು ಹೇಳಿದೆ. ಸೋಮವಾರ ಓಬಳದೇವರ ಗುಡಿಯ ಮುಂದೆ ಕೂಟ ಸೇರುವ ಹೊತ್ತಿಗೆ ಕರುವಿನ ಹಗ್ಗ ಹಿಡಿದು ಹೋದೆ.

ಬೇವಿನ ಕಟ್ಟೆಯ ಮೇಲೆ ಚಿನ್ನಯ್ಯ, ತಿಪ್ಪೇರುದ್ರಪ್ಪ, ಇನ್ನೂ ಹತ್ತಾರು ಜನ ಕುಳಿತಿದ್ದರು. ಮಾರುತೇಶ ಒಂದು ಪಕ್ಕಕ್ಕೆ ನಿಂತಿದ್ದ. ಓಬಳೇಶನ ನಂತರ ಭಾನುವಾರದವರಿಗೆ ದಾರಿ ತೋರಿಸುವ ಕೆಲಸ ಅವನಿಗೆ ಬಂದಿತ್ತು. ಬೆಂಗಳೂರಿನ ಕಂಪನಿಯೊಂದು ಅವನನ್ನು ಇಟ್ಟುಕೊಂಡಿತ್ತು. ಅವನು ಯಾರನ್ನೂ ರೊಪ್ಪದ ಹತ್ತಿರ ಬಿಡುತ್ತಿರಲಿಲ್ಲವಾದ್ದರಿಂದ ಹಟ್ಟಿ ಸುಮ್ಮನಿತ್ತು.

"ಏನು ಮೇಷ್ಟ್ರೇ, ಕರು ಹಿಡ್ಕಂಡು ಬಂದ್ರಿ?" ಎಂದ ಚಿನ್ನಯ್ಯ.

"ಹಿಂಡಿಗೆ ಬಿಡಾಕೆ ತಂದೀನಿ ಯಜಮಾನ್ರೇ. ಓಬಳೇಶನ ಹಸುವಿಂದು."

ಚಿನ್ನಯ್ಯ ಎಲೆ ಅಡಿಕೆ ಒಂದು ದವಡೆಗೆ ಸರಿಸಿದ.

"ಆ ಮನೆ ಕರು ಹಿಂಡಿಗೆ ಹೆಂಗೆ ಸೇರ್ತೈತೆ? ಆ ಮಾತು ಅವತ್ತೇ ಮುಗೀತಲ್ಲ."

"ಮುಗಿದಿದ್ದು ನಿಜ. ಈಗ ನೀವೆಲ್ಲ ಮನಸ್ಸು ಮಾಡೀರಲ್ಲ. ನಾನು ಕಣ್ಣಾರೆ ನೋಡೀನಿ. ಬಾಯಿಬಿಟ್ಟು ಆಡಬಾರ್ದು, ಆದ್ರೂ ಇವತ್ತು ಆಡ್ತೀನಿ. ನೀವು ಬಿಳಿಕಲ್ಲು ಇಟ್ಟಿದ್ದು ನೋಡಿ ಬೋರಕ್ಕ ಅವತ್ತು ಹೊಟ್ಟೆ ತುಂಬ ಉಂಡಳು."

"ಬಿಳಿಕಲ್ಲಾ? ಯಾವುದು?" ಚಿನ್ನಯ್ಯ ಪಕ್ಕದವರ ಮುಖ ನೋಡಿದ. "ಲೇ ತಿಪ್ಪೇರುದ್ರ, ನೀನು ಏನರ ಇಟ್ಟೀಯೇನ್ಲೇ ಆ ಗುಡ್ಡದ ಮ್ಯಾಗೆ?"

"ನಾನ್ಯಾಕೆ ಇಡ್ಲಿ? ಆ ಕಡೆ ಕುರಿ ಹೋದ್ರೂ ಕಲ್ಲು ಬೀಸಿ ತಿರುಗಿಸ್ಕೊಂಡು ಬರ್ತೀನಿ" ಎಂದ ತಿಪ್ಪೇರುದ್ರಪ್ಪ. ಆಮೇಲೆ ಅವನಿಗೆ ಏನೋ ಹೊಳೆಯಿತು. "ಅದಕ್ಕೇನ್ರಿ ನನಗೆ ಅವತ್ತು ಚಹಾ ಕುಡಿಸಿದ್ದು?"

ಹಿಂದೆ ಕುಳಿತಿದ್ದ ಯಾರೋ ನಕ್ಕರು. "ಮೇಷ್ಟ್ರೇ, ಅವು ಭಾನುವಾರದೋರ ಕಲ್ಲು. ಅವರು ಇಟ್ಟು ಫೋಟೋ ತೆಗಿಸ್ಕಂತಾರೆ. ನಿಮ್ಮ ಮಾರುತೇಶನೇ ಇಡಿಸ್ತಾನೆ, ಕೇಳ್ರಿ."

ನಾನು ಮಾರುತೇಶನ ಕಡೆ ನೋಡಿದೆ. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ.

"ಕರು ಹೊಡ್ಕಂಡು ಹೋಗ್ರಿ" ಎಂದ ಚಿನ್ನಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ದೇವರು ಸಿಡಿಲು ಕೊಟ್ಟು ಹೇಳಿದ್ದನ್ನ ನಾನು ಬದಲಾಯಿಸಾಕೆ ಬರಾಕಿಲ್ಲ."

"ಭಾನುವಾರದೋರಿಗೆ ನಿಮ್ಮ ಸೊಸೆ ಮುದ್ದೆ ಬೇಯಿಸಿ ಹಾಕ್ತಾಳಲ್ಲ ಯಜಮಾನ್ರೇ. ಶೂ ಹಾಕ್ಕೊಂಡೇ ನಿಮ್ಮ ಅಂಗಳದಾಗ ಉಣ್ತಾರೆ" ಎಂದೆ.

"ಅಂಗಳ ಬೇರೆ, ರೊಪ್ಪ ಬೇರೆ. ಮೇಷ್ಟ್ರಿಗೆ ನಾನು ಹೇಳಿಕೊಡಬೇಕಾ?"

ನಾನು ಹಗ್ಗ ಹಿಡಿದು ತಿರುಗಿದೆ. ಕರು ಗುಡಿಯ ಕಡೆಗೇ ಜಗ್ಗುತ್ತಿತ್ತು.

ಮಾರುತೇಶ ಹಿಂದೆಯೇ ಓಡಿಬಂದ. ಬಂದರಿಕೆ ಪೊದೆಗಳ ನಡುವಿನ ಕಾಲುದಾರಿಯಲ್ಲಿ ನನ್ನ ಜೊತೆಗೆ ಹೆಜ್ಜೆ ಹಾಕಿದ.

"ಬೈದುಬಿಡು ದೊಡ್ಡಪ್ಪ" ಎಂದ.

"ಏನು ಅಂತ ಬೈಲಿ?"

"ಮ್ಯಾಲೆ ಹೋದ್ರೆ ಅವರಿಗೆ ಏನೈತೆ ಹೇಳು. ಗಾಳಿ, ಬಂಡೆ, ದೂರದಾಗ ಆ ಕರೆಂಟಿನ ಗಾಳಿ ಫ್ಯಾನುಗಳು. ಇಷ್ಟೇನಾ ಅಂತಾರೆ. ಒಂದು ಸಲ ಒಬ್ಬಳು ಆ ಎರಡು ಕಲ್ಲಿನ ಮ್ಯಾಲೆ ಇನ್ನೊಂದು ಕಲ್ಲಿಟ್ಟು ಫೋಟೋ ಹಾಕಿದ್ಳು. ಮುಂದಿನ ವಾರದೋರು ಅದೇ ಜಾಗ ಬೇಕು ಅಂದ್ರು. ಏನಾದ್ರೂ ಬೇಡ್ಕಂಡು ಕಲ್ಲಿಟ್ರೆ ಈಡೇರ್ತೈತೆ ಅಂತ ನಾನು ಒಂದು ಮಾತು ಸೇರಿಸಿದೆ. ಅಷ್ಟೇ."

"ನಿಮ್ಮಣ್ಣ ಸತ್ತ ಜಾಗ ಅಂತ ಹೇಳಿದ್ಯಾ?"

"ಸಾವಿನ ಮಾತು ಎತ್ತಬ್ಯಾಡ ಅಂತಾರೆ ಕಂಪನಿಯೋರು. ಜನಕ್ಕೆ ಬೇಜಾರಾಗ್ತೈತಂತೆ."

"ಅಷ್ಟು ಜನದ ಕೈಲಿ ಇಡಿಸ್ದೆ. ನಿನ್ನದು ಯಾವುದು ಅದರಾಗೆ?"

ಅವನು ದಾರಿಯ ಪಕ್ಕದ ಎಲೆಯೊಂದನ್ನು ಕಿತ್ತು ಹೊಸಕಿದ.

"ನಾನು ಇಟ್ಟಿಲ್ಲ ದೊಡ್ಡಪ್ಪ. ಹೆಣ ಹೊತ್ತ ದಿನಾನೇ ಯಜಮಾನ್ರು ಹೇಳಿದ್ರು, ಹೊತ್ತಿದ್ದು ಹೊತ್ತೆ, ಕಲ್ಲು ಮಾತ್ರ ಇಡಬ್ಯಾಡ ಅಂತ. ನಾನು ಇದೇ ಹಟ್ಟಿಯಾಗೆ ಬಾಳ್ವೆ ಮಾಡಬೇಕಲ್ಲ."

ನಾನು ಅವನನ್ನು ಬೈಯಲಿಲ್ಲ. ಬೈಯುವುದಕ್ಕೂ ಒಂದು ಸಲಿಗೆ ಬೇಕು.

ಮನೆಗೆ ಬಂದು ಕರುವನ್ನು ಗೂಟಕ್ಕೆ ಕಟ್ಟಿದೆ. ಬೋರಕ್ಕ ಬಾಗಿಲಲ್ಲಿ ನಿಂತು ಕರುವಿನ ಹಣೆಯ ಅರಿಸಿನ ನೋಡಿದಳು, ನನ್ನ ಮುಖ ನೋಡಿದಳು. ಆದದ್ದನ್ನು ಹೇಳಿದೆ. ಎಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿದಳು.

"ದಪ್ಪನ ಕಲ್ಲು ತಿಪ್ಪೇರುದ್ರಪ್ಪಂದೂ ಅಲ್ವಾ?"

"ಅಲ್ಲ."

ಅವಳು ಒಳಗೆ ಹೋಗಿ ಕರುವಿಗೆ ಕಲಗಚ್ಚು ತಂದಿಟ್ಟಳು. ಆ ಕರು ಈಗಲೂ ನಮ್ಮ ಅಂಗಳದಲ್ಲಿದೆ. ದೇವರದೆಂದು ಬಾಯಿಬಿಟ್ಟು ಹೇಳಿದ ಮೇಲೆ ಅದಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಹಿಂಡಿಗೆ ಬಿಡಲು ಹಟ್ಟಿ ಒಪ್ಪುವುದಿಲ್ಲ. ಹಿಂಡು ಮನೆಯ ಮುಂದಿನ ದಾರಿಯಲ್ಲಿ ಹೋಗುವಾಗ ಅದು ಕಿವಿ ನಿಗುರಿಸಿ ಕೂಗುತ್ತದೆ. ಹಿಂಡಿನ ಕಡೆಯಿಂದಲೂ ಒಂದೊಂದು ಸಲ ಕೂಗು ಬರುತ್ತದೆ. ದನಗಳಿಗೆ ಕೂಟದ ತೀರ್ಪು ಗೊತ್ತಾಗುವುದಿಲ್ಲ.

ಆ ಭಾನುವಾರ ನಾನು ಗುಡ್ಡ ಹತ್ತಿದೆ. ಗುಪ್ಪೆಯನ್ನು ಕೆಡವಿ ಹಾಕಿಬಿಡಬೇಕು, ಒಂದು ಕಲ್ಲೂ ಉಳಿಯಬಾರದು ಎಂದುಕೊಂಡೇ ಹತ್ತಿದ್ದು. ದಾರಿಯಲ್ಲಿ ಅಲ್ಲಲ್ಲಿ ಕೂತು ನೆತ್ತಿ ಮುಟ್ಟುವಷ್ಟರಲ್ಲಿ ಬಿಸಿಲು ಬಲಿತಿತ್ತು. ಬಂಡೆಯ ನೆರಳಿನಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಿರುವಾಗ ಅವರ ದನಿ ಕೇಳಿಸಿತು. ಕಾರೆಗಿಡಗಳ ಸಂದಿಯಿಂದ ಒಬ್ಬೊಬ್ಬರಾಗಿ ಮೇಲೆ ಬಂದರು. ಬೆವರು ಒರೆಸಿಕೊಂಡು, ಕೈ ಚಾಚಿ ಗಾಳಿಗೆ ಮುಖವೊಡ್ಡಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಸಂತೋಷವಾಗಿದ್ದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಅದೇ ಕಷ್ಟವಾಯಿತು.

ಮಾರುತೇಶ ನನ್ನನ್ನು ನೋಡಿ ಒಂದು ಕ್ಷಣ ತಡೆದ. ಆಮೇಲೆ ರೂಢಿಯ ಮಾತು ಶುರುಮಾಡಿದ. "ಇಲ್ಲಿ ಮನಸ್ಸಿನಲ್ಲಿ ಒಂದು ಬೇಡಿಕೊಂಡು ಕಲ್ಲು ಇಡಬೇಕು. ಜೋರಾಗಿ ಹೇಳಬಾರದು."

"ಇವನಿಗೆ ತಲೇಲಿ ಕೂದಲು ಬರ್ಲಿ ಅಂತ ನಾನು ಇಡ್ತೀನಿ" ಎಂದ ಒಬ್ಬ ಯುವಕ, ಗೆಳೆಯನ ಟೋಪಿ ಎತ್ತಿ.

"ಅದಕ್ಕೆ ಗುಡ್ಡಾನೇ ಇಡಬೇಕು ಕಣೋ, ಕಲ್ಲು ಸಾಲಲ್ಲ" ಎಂದಳು ಜೊತೆಯವಳು. ಎಲ್ಲರೂ ನಕ್ಕರು. ಆಯ್ದು ಆಯ್ದು ಕಲ್ಲು ತಂದರು. ಒಬ್ಬನಂತೂ ಬುಡದ ಕಲ್ಲೊಂದನ್ನು ಎಳೆದು ಮೇಲೆ ಜೋಡಿಸಿದ, ಚೆನ್ನಾಗಿ ಕಾಣಲೆಂದು.

ಗುಡ್ಡಾನೇ ಇಡಬೇಕೆಂದಿದ್ದ ಆ ಹುಡುಗಿ ನನ್ನನ್ನು ಕಂಡು ನೀರಿನ ಬಾಟಲಿ ಹಿಡಿದು ಬಂದಳು. ಅವಳ ಹೆಸರು ವನಜಾಕ್ಷಿ ಎಂದು ಆಮೇಲೆ ತಿಳಿಯಿತು.

"ತಾತ, ಈ ವಯಸ್ಸಲ್ಲಿ ಹತ್ತಿ ಬಂದಿದೀರ. ನೀವೂ ಒಂದು ಕಲ್ಲು ಇಡಿ. ಏನು ಬೇಡ್ಕೊತೀರ?"

ಕೆಡವುವ ಮಾತು ನನ್ನ ನಾಲಿಗೆಗೆ ಬರಲಿಲ್ಲ. "ಇಲ್ಲಿ ನನ್ನ ಮಗ ಸತ್ತಿದ್ದಮ್ಮ" ಎಂದೆ.

ಅವಳು ಟೋಪಿ ತೆಗೆದಳು. ಸುದ್ದಿ ಒಬ್ಬರಿಂದ ಒಬ್ಬರಿಗೆ ಹರಿದು ನಗು ನಿಂತಿತು. ಕೂದಲಿನ ಜೋಕು ಹೇಳಿದವನು ತಾನಿಟ್ಟ ಕಲ್ಲನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಕೈ ಮುಂದೆ ಮಾಡಿ ನಿಂತ. ಆಮೇಲೆ ಕೂತು, ದಾರ ಬಿಚ್ಚಿ, ಎರಡೂ ಶೂ ತೆಗೆದು ಪಕ್ಕಕ್ಕಿಟ್ಟ. ಉಳಿದವರೂ ಹಾಗೆಯೇ ಮಾಡಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಅವತ್ತು ರೊಪ್ಪದ ಮುಂದೆ ಬಂದವರೂ ಇಂಥವರೇ ಇದ್ದಿರಬೇಕು. ಒಂದು ಮಾತು ಕೇಳಿದ್ದರೆ ಬಿಚ್ಚುತ್ತಿದ್ದರು.

"ಏನು ಹೆಸರು ತಾತ, ನಿಮ್ಮ ಮಗಂದು? ಹೇಗಿದ್ರು?" ಎಂದು ವನಜಾಕ್ಷಿ ಬಂಡೆಯ ಮೇಲೆ ಕುಳಿತು ಕೇಳಿದಳು.

ಈ ಪ್ರಶ್ನೆಯನ್ನು ಅವನು ಹೋದಾಗಿನಿಂದ ಯಾರೂ ಕೇಳಿರಲಿಲ್ಲ. ಹೇಳಲು ಶುರುಮಾಡಿದೆ. ಅಕ್ಷರಗಳಿಗಿಂತ ಮೊದಲು ಅವನು ಎತ್ತುಗಳ ಹೆಸರು ಕಲಿತದ್ದು, ನಾನು ಹೊಡೆದರೂ ಶಾಲೆಯಿಂದ ರೊಪ್ಪಕ್ಕೆ ಓಡಿಹೋಗುತ್ತಿದ್ದುದು. ಒಮ್ಮೆ ಇದೇ ಗುಡ್ಡದಲ್ಲಿ ಈದ ಹಸುವಿನ ಕರುವನ್ನು ಹೆಗಲ ಮೇಲೆ ಹೊತ್ತು ಇಳಿದದ್ದು. ದಾರಿಯುದ್ದಕ್ಕೂ ಅದು ಅವನ ಮೈಮೇಲೆ ಉಚ್ಚೆ ಹೊಯ್ದಿತ್ತು. ಅವ್ವ ಬೈದರೆ, ದೇವರ ತೀರ್ಥ ಸುಮ್ಮನಿರವ್ವ ಎಂದಿದ್ದ. ಅವರು ನಕ್ಕರು, ಆಮೇಲೆ ನಗಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿದರು. ನಗಿರಿ ಎಂದೆ. ಶೂ ಕಥೆಯನ್ನು ನಾನು ಹೇಳಲಿಲ್ಲ. ಅವರ ಬರಿಗಾಲು ನೋಡಿಕೊಂಡು ಅದನ್ನು ಹೇಳಲಾಗಲಿಲ್ಲ.

ಮಾರುತೇಶ ಗಡಿಯಾರ ನೋಡಿದ. "ದೊಡ್ಡಪ್ಪ, ಊಟ ಆರ್ತೈತೆ. ಚಿನ್ನಯ್ಯಜ್ಜನ ಮನ್ಯಾಗೆ ಕಾಯ್ತಿರ್ತಾರೆ. ಬಸ್ಸಿಗೂ ಹೊತ್ತಾಗ್ತೈತೆ."

ಅವರು ಎದ್ದು ದಾರ ಬಿಗಿದುಕೊಂಡರು. ವನಜಾಕ್ಷಿ ಕೈಮುಗಿದಳು. ಮುಂದಿನ ಸಲ ಬಂದಾಗ ಉಳಿದದ್ದು ಕೇಳುತ್ತೇನೆ ಎಂದಳು. ಅವಳು ಮತ್ತೆ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಂಗಳೂರಿನ ಸುತ್ತ ಹತ್ತುವುದಕ್ಕೆ ಗುಡ್ಡಗಳು ಬೇಕಾದಷ್ಟಿವೆ. ಅವರು ಹೋದ ಮೇಲೆ ನಾನು ಗುಪ್ಪೆಯ ಪಕ್ಕದಲ್ಲಿ ಒಬ್ಬನೇ ಕುಳಿತೆ. ಕೆಡವಲಿಲ್ಲ.

ಮುಂದಿನ ಭಾನುವಾರವೂ ಹತ್ತಿದೆ. ಯಾಕೆಂದು ಬೋರಕ್ಕ ಕೇಳಲಿಲ್ಲ, ರೊಟ್ಟಿ ಕಟ್ಟಿಕೊಟ್ಟಳು. ವಾರವೆಲ್ಲ ನಾನು ಹೇಳಬೇಕಾದ್ದನ್ನು ಪಾಠಕ್ಕೆ ಹೊಂದಿಸುವಂತೆ ಹೊಂದಿಸಿಕೊಂಡಿದ್ದೆ. ಯಾವುದು ಮೊದಲು, ಯಾವುದು ಆಮೇಲೆ, ಊಟದ ಹೊತ್ತಿಗೆ ಮುಗಿಯುವಂತೆ. ದೀಪದ ಮುಂದೆ ಆ ಬೆಳಿಗ್ಗೆ ನಾನು ಕ್ಷಮೆಯ ಮಾತು ಕೇಳಲಿಲ್ಲ. ಕೇಳುವವರನ್ನು ಕಳಿಸು ಎಂದಷ್ಟೇ ಬೇಡಿದೆ.

ಅವತ್ತು ಬಂದ ಗುಂಪು ದೊಡ್ಡದು. ಕಾಲೇಜಿನ ವಯಸ್ಸಿನವರು. ಹಾಡು ಹಾಕಿಕೊಂಡೇ ಬಂದರು. ಮಾರುತೇಶ ಅದೇ ಮಾತು ಹೇಳಿದ, ಅವರು ಕಲ್ಲು ಆಯತೊಡಗಿದರು. ನಾನು ಗುಪ್ಪೆಯ ಹತ್ತಿರವೇ ಕುಳಿತಿದ್ದೆ. ಯಾರಾದರೂ ಕೇಳಿದರೆ ಹೇಳೋಣವೆಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಕ್ಯಾಮೆರಾ ಹಿಡಿದ ಹುಡುಗನೊಬ್ಬ ಹಿಂದಕ್ಕೆ ಹೆಜ್ಜೆಯಿಟ್ಟು, ಒಂದು ಕಣ್ಣು ಮುಚ್ಚಿ, ಮತ್ತೆ ತೆರೆದು ನನ್ನ ಕಡೆ ನೋಡಿದ. ಮರ್ಯಾದೆಯಿಂದಲೇ ಕೇಳಿದ.

"ತಾತ, ಸ್ವಲ್ಪ ಆ ಕಡೆ ಸರೀತೀರಾ? ಫೋಟೋದಲ್ಲಿ ಬರ್ತಿದೀರ."

ಬಂಡೆಗೆ ಕೈಯೂರಿ ಎದ್ದೆ. ಸರಿದೆ.

"ಇನ್ನೂ ಸ್ವಲ್ಪ ತಾತ" ಎಂದ.

ಇನ್ನೂ ಸ್ವಲ್ಪ ಸರಿದೆ.